ಬಹುಮಾನ ನಿಲ್ಲಿಸಿದ ತಿಂಗಳು ಒಂದೂ ಚೀಟಿ ಬರಲಿಲ್ಲ

ಕಾರ್ಖಾನೆಯ ವಿದ್ಯುತ್ ಉಳಿತಾಯ, ತ್ಯಾಜ್ಯ, ಪರಿಸರ ಎಲ್ಲವೂ ನನ್ನ ಹೆಗಲಿಗೆ ಬಿದ್ದಾಗ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪೋಸ್ಟರ್ ಅಂಟಿಸಿದೆ, ಪ್ರತಿಜ್ಞೆ ಮಾಡಿಸಿದೆ, ಸ್ಪರ್ಧೆ ಇಟ್ಟೆ. ಮೆಷಿನ್ ಓಡಿಸಲು ಪೈಪಿನಲ್ಲಿ ಬರುವ ಒತ್ತಡದ ಗಾಳಿ ಸೋರುವ ಜಾಗ ಕಂಡರೆ ಕೆಂಪು ಚೀಟಿ ಕಟ್ಟಬೇಕು. ತಿಂಗಳಲ್ಲಿ ಹೆಚ್ಚು ಚೀಟಿ ಕಟ್ಟಿದ ಉತ್ಪಾದನಾ ಲೈನಿಗೆ ಬಹುಮಾನ.

ಗಾಳಿಯನ್ನೇ ಹಿಡಿದದ್ದಕ್ಕೆ ಕಾರಣವಿತ್ತು. ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಅಂದರೆ ಕಂಪ್ರೆಸರ್, ಎಳೆಯುವ ವಿದ್ಯುತ್ತಿನ ಬಹುಪಾಲು ಬರೀ ಶಾಖವಾಗಿ ಹೋಗುತ್ತದೆ. ಉಳಿದದ್ದರಲ್ಲಿ ತಯಾರಾದ ಗಾಳಿಯೂ, ನಿಗಾ ಇಲ್ಲದ ಕಡೆ, ಶೇ. 20ರಿಂದ 30ರಷ್ಟು ಸೋರಿ ಹೋಗುವುದು ಸಾಮಾನ್ಯ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತು ಅಂದರೆ ಸುಮಾರು 3 ಕಿಲೋವಾಟ್, ಹಗಲೂ ರಾತ್ರಿ. ಎಣ್ಣೆ ಸೋರಿದರೆ ಕಾಲು ಜಾರುತ್ತದೆ, ನೀರು ಸೋರಿದರೆ ಒದ್ದೆಯಾಗುತ್ತದೆ. ಗಾಳಿ ಬುಸ್ ಅಂತ ಸುಮ್ಮನೆ ಹೋಗುತ್ತಿರುತ್ತದೆ.

ಮೊದಲ ತಿಂಗಳು ಚೀಟಿಗಳ ಸುರಿಮಳೆ. ನಾನು ಬೀಗಿದೆ. ಎರಡನೇ ತಿಂಗಳು ನೋಡಿದರೆ ಪೈಪ್ ಕೂಡಿಸುವ ಒಂದೇ ಕಪ್ಲಿಂಗ್‌ಗೆ ಮೂರು ಚೀಟಿ. ಒಂದು ಲೈನಿನವರಂತೂ ಸೋರಿಕೆ ಗೊತ್ತಿದ್ದೂ ಹೇಳದೆ ಮುಂದಿನ ತಿಂಗಳ ಲೆಕ್ಕಕ್ಕೆ ಇಟ್ಟುಕೊಂಡಿದ್ದರು! ನಾಲ್ಕನೇ ತಿಂಗಳು ಬಹುಮಾನ ನಿಲ್ಲಿಸಿದೆ. ಚೀಟಿಯೂ ನಿಂತಿತು. ಸ್ಪರ್ಧೆಗೆ ಮುಂಚೆ ಅಲ್ಲೊಬ್ಬರು ಇಲ್ಲೊಬ್ಬರು ಬಾಯಲ್ಲಾದರೂ ಹೇಳುತ್ತಿದ್ದರು, ಈಗ ಅದೂ ಇಲ್ಲ.

ಇದು ಹೊಸ ಕಥೆಯೇನಲ್ಲ ಅಂತ ಆಮೇಲೆ ಓದಿ ತಿಳಿಯಿತು. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲೇ ವಿದ್ಯಾರ್ಥಿಗಳಿಗೆ ಒಗಟು ಬಿಡಿಸಲು ದುಡ್ಡು ಕೊಟ್ಟು ನೋಡಿದ್ದರು. ದುಡ್ಡು ನಿಂತ ಮೇಲೆ ಅವರು ಬಿಡುವಿನಲ್ಲಿ ಒಗಟು ಮುಟ್ಟುವುದೂ ಕಡಿಮೆಯಾಯಿತು. ಇಸ್ರೇಲಿನ ಹೈಫಾದಲ್ಲಿ ಶಿಶುವಿಹಾರಗಳು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದವು, ತಡವಾಗಿ ಬರುವವರು ಹೆಚ್ಚಾದರು. ದಂಡ ತೆಗೆದ ಮೇಲೂ ಅದು ಇಳಿಯಲಿಲ್ಲ. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ಮೊದಲೇ ಓದಿದ್ದರೆ ಸ್ಪರ್ಧೆ ಇಡುತ್ತಿರಲಿಲ್ಲವೇ? ಇಡುತ್ತಿದ್ದೆ ಅನ್ನಿಸುತ್ತದೆ. ಮೇಲಿನವರಿಗೆ ತೋರಿಸಲು ಫೋಟೊ ಬೇಕಿತ್ತಲ್ಲ.

ಕಣ್ಣು ತೆರೆಸಿದ್ದು ಅಧ್ಯಯನವಲ್ಲ, ಪ್ರೆಸ್ ಲೈನಿನ ಒಬ್ಬ ಹಿರಿಯ ಆಪರೇಟರ್. ಅವರ ಮೆಷಿನ್ ಹಿಂದೆ ಮೆದುಗೊಳವೆಯೊಂದು ಬುಸುಗುಡುತ್ತಿತ್ತು. ಯಾಕೆ ಹೇಳಲಿಲ್ಲ ಅಂದೆ.

"ಮೂರು ಸಲ ಹೇಳಿದೀನಿ ಸರ್. ಮೇಂಟೆನೆನ್ಸ್‌ನಿಂದ ಯಾರೂ ಬರ್ಲಿಲ್ಲ. ಆಮೇಲೆ ಕಿವಿಗೆ ರೂಢಿ ಆಗೋಯ್ತು."

ಪ್ರೇರಣೆ ಇಲ್ಲದ ಜನ ಅಂತ ನಾನು ಅಂದುಕೊಂಡಿದ್ದೆ. ಈ ಮನುಷ್ಯನಿಗೆ ಕಾಳಜಿ ಇತ್ತು, ಅದನ್ನು ಮೂರು ಸಲ ನಾವೇ ಒರೆಸಿ ಹಾಕಿದ್ದೆವು. ನಾಲ್ಕನೇ ಸಲ ಅದಕ್ಕೆ ಬಹುಮಾನ ಅಂತ ಬೆಲೆ ಕಟ್ಟಿದ್ದೆವು.

ಕಾರ್ಖಾನೆ ಪೂರ್ತಿ ನಿಂತ ಒಂದು ರಜೆಯ ದಿನ, ಬರಲು ಒಪ್ಪಿದ ಆರು ಜನ ಆಪರೇಟರ್‌ಗಳನ್ನು ಕಂಪ್ರೆಸರ್ ಕೋಣೆಗೆ ಕರೆದುಕೊಂಡು ಹೋದೆ. ಒಂದು ಮೆಷಿನ್ನೂ ಓಡುತ್ತಿಲ್ಲ, ಗಾಳಿ ಕೇಳುವವರೇ ಇಲ್ಲ. ಆದರೂ ಕಂಪ್ರೆಸರ್ ಗುಡುಗುಟ್ಟಿ ಲೋಡ್ ಆಗುತ್ತದೆ (ಗಾಳಿ ತುಂಬತೊಡಗುತ್ತದೆ), ಒತ್ತಡ ತುಂಬುತ್ತದೆ, ಅನ್‌ಲೋಡ್ ಆಗುತ್ತದೆ (ತುಂಬುವುದು ನಿಲ್ಲುತ್ತದೆ), ಸೋರಿ ಒತ್ತಡ ಇಳಿದೊಡನೆ ಮತ್ತೆ ಲೋಡ್. ಅವರ ಕೈಗೇ ಗಡಿಯಾರ ಕೊಟ್ಟೆ. ಲೋಡ್ 2 ನಿಮಿಷ, ಅನ್‌ಲೋಡ್ 4. ಆರು ನಿಮಿಷದಲ್ಲಿ ಎರಡು, ಅಂದರೆ ಕಂಪ್ರೆಸರ್ ಸಾಮರ್ಥ್ಯದ ಮೂರನೇ ಒಂದು ಭಾಗ ಸೋರಿಕೆಗೇ. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಸೋಪಿನ ನೀರು ಕೇಳಿದರು. ಸಂಜೆವರೆಗೆ ಪೈಪ್ ಪೈಪಿಗೂ ಹಚ್ಚಿ ಗುಳ್ಳೆ ಹುಡುಕಿದೆವು. ಆ ದಿನ ನಾನು ಭಾಷಣ ಮಾಡಲಿಲ್ಲ, ಪೋಸ್ಟರ್ ಮಾತು ಎತ್ತಲೇ ಇಲ್ಲ.

ಉಳಿದ ಕೆಲಸ ಆಮೇಲೆ ಶುರುವಾಯಿತು, ನಿಜ ಹೇಳಬೇಕೆಂದರೆ ಅದೇ ಕಷ್ಟದ್ದು. ಪ್ರತಿ ಲೈನಿಗೊಂದು ಡಬ್ಬಿ: ಟೆಫ್ಲಾನ್ ಟೇಪ್, ಕ್ಲ್ಯಾಂಪ್, ಫಿಟ್ಟಿಂಗ್. ಗಾಳಿ ಬಂದ್ ಮಾಡಿ ಒತ್ತಡ ಇಳಿಸುವುದನ್ನು ಕಲಿಸಿ, ಸಣ್ಣಪುಟ್ಟದ್ದನ್ನು ಆಪರೇಟರ್‌ಗಳೇ ಸರಿಮಾಡಬಹುದು ಅಂತ ಬರಹದಲ್ಲಿ ಅನುಮತಿ. ದೊಡ್ಡದಾದರೆ ಚೀಟಿ, ಚೀಟಿಗೆ ಎರಡು ದಿನದೊಳಗೆ ಉತ್ತರ. ಉತ್ತರ "ಈಗ ಆಗಲ್ಲ, ಭಾಗ ಬಂದಿಲ್ಲ" ಅಂತಿದ್ದರೂ ಪರವಾಗಿಲ್ಲ, ಬರೆದು ಹಾಕಬೇಕು. ಮೇಂಟೆನೆನ್ಸ್‌ನವರನ್ನು ಇದಕ್ಕೆ ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಅವರ ಕೆಲಸದ ಪಟ್ಟಿ ನೋಡಿದ ಮೇಲೆ ಅವರ ಮೇಲಿನ ಸಿಟ್ಟೂ ಇಳಿಯಿತು.

ಎಲ್ಲರೂ ಬದಲಾದರು ಅಂತಲ್ಲ. ಮೆಷಿನ್ ಖಾಲಿ ನಿಂತಾಗ ಗಾಳಿ ಬಂದ್ ಮಾಡಿ ಅಂತ ವರ್ಷಗಟ್ಟಲೆ ಹೇಳಿದರೂ ಅರ್ಧದಷ್ಟು ಜನ ಮಾಡುತ್ತಿರಲಿಲ್ಲ. ಅಲ್ಲಿ ತಾನಾಗೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಿದೆ. ವಾಲ್ವ್ ಮಾಡಬಹುದಾದ ಕೆಲಸಕ್ಕೆ ಮನುಷ್ಯರ ಮನಃಸಾಕ್ಷಿಯನ್ನು ಯಾಕೆ ದಣಿಸಬೇಕು?

ಆರು ತಿಂಗಳ ನಂತರ ಅದೇ ಪರೀಕ್ಷೆ ಮಾಡಿದಾಗ ಲೋಡ್ 1 ನಿಮಿಷ, ಅನ್‌ಲೋಡ್ 7.

ಈಗ ಹಳೆಯ ಚೀಟಿಯೊಂದು ಹನ್ನೊಂದು ದಿನದಿಂದ ನೇತಾಡುತ್ತಿದೆ. ಕಂಪ್ರೆಸರ್ ಕೋಣೆಯ ನೀರು ಬಸಿಯುವ ವಾಲ್ವ್ ತೆರೆದಂತೆಯೇ ಸಿಕ್ಕಿಕೊಂಡು ಗಾಳಿ ಬಿಡುತ್ತಿದೆ. ಅದು ನನ್ನ ವಿಭಾಗದ್ದು. ಚೀಟಿ ಕಟ್ಟಿದವರು ಪ್ರೆಸ್ ಲೈನಿನ ಅದೇ ಹಿರಿಯರು. ದಿನಾ ಬೆಳಗ್ಗೆ ಶಿಫ್ಟಿಗೆ ಹೋಗುವ ಮುಂಚೆ ನನ್ನ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಭಾಗ ಬಂತಾ ಸರ್?"