ಓಪಿಡಿ ಚೀಟಿಲಿ ಗಂಡನ ಹೆಸರು

ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿ ದೆಹಲಿಗೆ ನಿರಾಶ್ರಿತರ ಜೊತೆ ಕೆಲ್ಸ ಮಾಡೋ ಸಂಸ್ಥೆಗೆ ಬಂದಾಗ ನನ್ನ ತಲೇಲಿ ನಿರಾಶ್ರಿತರು ಅಂದ್ರೆ ಬೈಲುಕುಪ್ಪೆ ಟಿಬೆಟಿನೋರು, ಅಷ್ಟೇ. ನಮ್ದು ಪಿರಿಯಾಪಟ್ಟಣ ತಾಲೂಕು, ಚಿಕ್ಕೋಳಿದ್ದಾಗಿಂದ ಅವ್ರನ್ನ ನೋಡ್ಕೊಂಡೇ ಬೆಳೆದಿದೀನಿ. 1960ರ ಆಸುಪಾಸಲ್ಲಿ ಬಂದೋರು, ಸರಕಾರ ಜಮೀನು ಕೊಟ್ಟಿದೆ, ಮುಸುಕಿನ ಜೋಳ ಬೆಳೀತಾರೆ, ಸಂತೇಲಿ ನಮ್ಮಮ್ಮನಿಗಿಂತ ಜೋರಾಗಿ ಕನ್ನಡದಲ್ಲೇ ಚೌಕಾಸಿ ಮಾಡ್ತಾರೆ. ಅದ್ಕೇ ಇಂಟರ್‌ವ್ಯೂನಲ್ಲಿ ನಿರಾಶ್ರಿತರ ಬಗ್ಗೆ ಏನು ಗೊತ್ತು ಅಂತ ಕೇಳ್ದಾಗ ಧೈರ್ಯವಾಗಿ ಬೈಲುಕುಪ್ಪೆ ಕಥೆ ಹೇಳಿದ್ದೆ. ಅವ್ರು ನಕ್ಕು ಕೆಲ್ಸ ಕೊಟ್ರು. ಯಾಕೆ ನಕ್ರು ಅಂತ ಆಮೇಲೆ ಗೊತ್ತಾಯ್ತು.

ಟಿಬೆಟಿನೋರು, ಶ್ರೀಲಂಕಾ ತಮಿಳರು, ಇವ್ರನ್ನ ಭಾರತ ಸರಕಾರನೇ ನೇರವಾಗಿ ನೋಡ್ಕೊಳ್ಳತ್ತೆ. ಅಫ್ಘಾನಿಸ್ತಾನ, ಮ್ಯಾನ್ಮಾರ್ ಅಂಥ ಕಡೆಯಿಂದ ಬಂದೋರು ದೆಹಲಿಗೆ ಬಂದು ಯುಎನ್‌ಎಚ್‌ಸಿಆರ್, ಅಂದ್ರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹತ್ರ ಹೆಸರು ಬರೆಸ್ಬೇಕು. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅವ್ರಿಗೆ ಅಂತ ಬೇರೆ ಕಾನೂನೂ ಇಲ್ಲ, ನಾನು ಸೇರಿದ 2022ರಲ್ಲಿ ಎಲ್ರಿಗೂ ಒಂದೇ, 1946ರ ವಿದೇಶಿಯರ ಕಾಯ್ದೆ. ಹೆಸರು ಬರೆಸಿದ್ಮೇಲೆ ಒಂದು ಕಾಗದ ಸಿಗತ್ತೆ, ಇವ್ರ ಅರ್ಜಿ ಪರಿಶೀಲನೇಲಿದೆ ಅಂತ. ಆಮೇಲೆ ಇಂಟರ್‌ವ್ಯೂ, ಒಪ್ಪಿದ್ರೆ ನಿರಾಶ್ರಿತರು ಅಂತ ಕಾರ್ಡು. ಆ ಕಾಗದಕ್ಕೂ ಕಾರ್ಡಿಗೂ ಮಧ್ಯೆ ಇರೋ ಜನಾನೇ ಅಸೈಲಂ ಸೀಕರ್ಸ್, ಆಶ್ರಯ ಕೇಳ್ಕೊಂಡು ಬಂದೋರು. ನನ್ನ ಕೆಲ್ಸ ಈ ಜನರ ಜೊತೆ. ಹುದ್ದೆ ಹೆಸರು ಏನೇನೋ ಉದ್ದಕ್ಕಿತ್ತು, ನಿಜವಾಗಿ ಮಾಡ್ತಿದ್ದಿದ್ದು ಟೋಕನ್ ಕೊಡೋದು, ಜೆರಾಕ್ಸ್ ಮಾಡ್ಸೋದು, ಸ್ಕೂಲು ಆಸ್ಪತ್ರೆಗೆ ಜೊತೇಲಿ ಹೋಗಿ ಕ್ಯೂ ನಿಲ್ಲೋದು. ಅಮ್ಮ ಫೋನ್ ಮಾಡಿ ಇವತ್ತೇನ್ ಮಾಡ್ದೆ ಅಂದ್ರೆ ನಿಂತಿದ್ದೆ ಅಂತಿದ್ದೆ. ಅದಕ್ಕೂ ಸಂಬಳ ಕೊಡ್ತಾರೇನೇ ಅನ್ನೋರು.

ನಮ್ಮ ಏರಿಯಾ ವಿಕಾಸಪುರಿ, ಹಸ್ತಸಾಲ್ ಕಡೆ. ಅಲ್ಲಿ ಇದ್ದೋರು ಹೆಚ್ಚಾಗಿ ಮ್ಯಾನ್ಮಾರಿನ ಚಿನ್ ಜನ. 2021ರ ಫೆಬ್ರವರಿಲಿ ಮ್ಯಾನ್ಮಾರಲ್ಲಿ ಮಿಲಿಟರಿ ಅಧಿಕಾರ ಹಿಡಿದ್ಮೇಲೆ ಗಡಿಯ ತಿಯಾವ್ ನದಿ ದಾಟಿ ಮಿಜೋರಾಂಗೆ ಬಂದೋರು ಸಾವಿರಾರು ಜನ, ಅದ್ರಲ್ಲಿ ಸ್ವಲ್ಪ ಜನ ಗುವಾಹಟಿಯಿಂದ ರೈಲು ಹತ್ತಿ ಇಲ್ಲೀವರ್ಗೂ ಬರ್ತಾರೆ, ಯಾಕಂದ್ರೆ ಕಾಗದ ಸಿಗೋದು ಇಲ್ಲೇ. ಒಂದೊಂದು ರೂಮಲ್ಲಿ ಎರಡು ಮೂರು ಸಂಸಾರ. ರಾತ್ರಿ ತರಕಾರಿ ಮಾರ್ಕೆಟ್ ಎತ್ತೋ ಹೊತ್ತಿಗೆ ಹೋಗಿ ಬಿಸಾಕಿದ ಸೊಪ್ಪು, ಹೂಕೋಸಿನ ಎಲೆ ಆರಿಸ್ಕೊಂಡು ಬರೋರು. ನಮ್ಮ ಆಫೀಸಿಗೆ ಬರೋವಾಗ ಮಾತ್ರ ಇಸ್ತ್ರಿ ಮಾಡಿದ ಬಟ್ಟೆ.

ಸೇರಿ ಮೂರನೇ ತಿಂಗಳು ಒಬ್ಬ ಅಕ್ಕನನ್ನ ಸರಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗು ಅಂದ್ರು. ಏಳು ತಿಂಗಳ ಬಸುರಿ, ಒಂದು ಸಲಾನೂ ಡಾಕ್ಟರಿಗೆ ತೋರ್ಸಿಲ್ಲ. ಗಂಡ ಆ ಕಡೆನೇ ಉಳ್ಕೊಂಡಿದಾನೆ, ಎಲ್ಲಿದಾನೋ ಗೊತ್ತಿಲ್ಲ. ಮಾತುಪಿ ಅನ್ನೋ ಊರ ಕಡೆಯೋರು, ಅವ್ರ ಭಾಷೆ ಹೆಸರು ಮಾತು. ನಿಜವಾಗ್ಲೂ, ಭಾಷೆ ಹೆಸರೇ ಮಾತು! ನಾನು ಖುಷಿಯಾಗಿ ನಮ್ಮ ಕನ್ನಡದಲ್ಲೂ ಮಾತು ಅಂದ್ರೆ ಮಾತು ಅಂತ ಹೇಳಕ್ಕೆ ಹೋದೆ, ಆದ್ರೆ ನಮ್ಮಿಬ್ರ ಮಧ್ಯೆ ಮಾತೇ ಇಲ್ವಲ್ಲ. ಚಿನ್ ಅಂದ್ರೆ ಒಂದೇ ಭಾಷೆ ಅಂದ್ಕೊಂಡಿದ್ದೆ, ಹಾಖಾ ಬೇರೆ, ತೆಡಿಮ್ ಬೇರೆ, ಮಾತು ಬೇರೆ. ನಮ್ಮ ಜೊತೆ ಬಂದ ಇಂಟರ್‌ಪ್ರಿಟರ್ ಹುಡುಗ ಹಾಖಾದವನು, ಅವನೂ ಕಾರ್ಡಿಗೆ ಕಾಯ್ತಿರೋನೇ. ಅವ್ನು ಅಕ್ಕನ ಹತ್ರ ಬರ್ಮೀಸಲ್ಲಿ, ನನ್ನ ಹತ್ರ ಹಿಂದೀಲಿ, ನಾನು ಕನ್ನಡದಲ್ಲಿ ಯೋಚ್ನೆ ಮಾಡಿ ಹಿಂದೀಲಿ ತಡವರಿಸೋಳು. ಹೊಟ್ಟೆ ನೋಯ್ತಿದ್ಯಾ ಅಂತ ಕೇಳಿ ಉತ್ತರ ಬರೋಷ್ಟರಲ್ಲಿ ಕ್ಯೂ ಎರಡು ಹೆಜ್ಜೆ ಮುಂದೆ ಹೋಗಿರೋದು.

ಮೇ ತಿಂಗಳು. ಬೆಳಿಗ್ಗೆ ಆರಕ್ಕೇ ಹೋದ್ರೂ ನಮ್ಮ ಮುಂದೆ ಎಪ್ಪತ್ತು ಜನ ಇದ್ರೇನೋ. ಕೌಂಟರಿಗೆ ಬಂದಾಗ ಆಧಾರ್ ದಿಖಾವೋ. ಆಧಾರ್ ಇಲ್ಲ. ಅಕ್ಕ ಕಾಗದ ತೆಗೆದ್ರು, ಪ್ಲಾಸ್ಟಿಕ್ ಕವರ್, ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಕರ್ಚೀಫು, ಒಂದೊಂದೇ ಬಿಚ್ಚಿ ಕೊಡೋಷ್ಟರಲ್ಲಿ ಹಿಂದಿನೋರು ಕೂಗಾಡಕ್ಕೆ ಶುರು. ಗುಮಾಸ್ತ ಅದನ್ನ ತಿರುಗಿಸಿ ಮುರುಗಿಸಿ ನೋಡಿ, ಆಯ್ತು ಹೆಸರು ಹೇಳಿ ಅಂದ. ಮೂರು ತುಂಡಿನ ಹೆಸರು, ಹೇಳ್ದೆ. ಸರ್‌ನೇಮ್? ಇಲ್ಲ. ಪತಿ ಕಾ ನಾಮ್? ನಾನು ಇಂಟರ್‌ಪ್ರಿಟರ್ ಕಡೆ ತಿರುಗಿ, ಅವನು ಅಕ್ಕನ ಕಡೆ ತಿರುಗಿ, ಅಕ್ಕ ಏನೂ ಹೇಳದೆ ನೆಲ ನೋಡ್ತಾ ನಿಂತ್ರು. ಅಷ್ಟು ಹೊತ್ತು ಕಾಯೋ ಪೈಕಿನಾ ಆ ಗುಮಾಸ್ತ, ಟಕ ಟಕ ಅಂತ ಏನೋ ಹೊಡೆದು ಓಪಿಡಿ ಚೀಟಿ, ಅಂದ್ರೆ ಹೊರರೋಗಿಗಳ ಚೀಟಿ, ಎಸೆದ.

ನೋಡ್ದೆ. ಹೆಸರಿನ ಮೊದಲನೇ ತುಂಡು ಹೆಸರಿನ ಜಾಗದಲ್ಲಿ, ಎರಡನೇದು ಸರ್‌ನೇಮು, ಮೂರನೇದು ಗಂಡನ ಹೆಸರು. ಅಕ್ಕ ತನ್ನ ಹೆಸರಿನ ಬಾಲಕ್ಕೆ ತಾನೇ ಹೆಂಡ್ತಿ ಆಗ್ಬಿಟ್ಟಿದ್ರು. ನೋಡಿದ್ರೂ ಸುಮ್ನಾದೆ, ಅದೇ ನಾನು ಮಾಡಿದ್ದು. ಹಿಂದೆ ಅಷ್ಟು ಜನ, ಬಿಸಿಲು, ಸದ್ಯ ಚೀಟಿ ಸಿಕ್ತಲ್ಲ ಅಂತ. ಅಕ್ಕ ಚೀಟಿ ತೋರ್ಸಿ ಏನೋ ಕೇಳಿದ್ರು, ಹುಡುಗ ಸರಿ ಇದೆಯಾ ಅಂತ ಕೇಳ್ತಿದಾರೆ ಅಂದ, ನಾನು ಹೋ ಜಾಯೇಗಾ ಅಂದೆ. ನಮ್ಮೂರಲ್ಲಿ ಆಗತ್ತೆ ಬಿಡಿ ಅಂತೀವಲ್ಲ, ಹಾಗೆ.

ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕ್ದೆ, ಕೆಲ್ಸ ಆಯ್ತು ಅಂತ. ಎರಡೇ ನಿಮಿಷಕ್ಕೆ ಮೇಡಂ ಫೋನು. ಬೈಯ್ಲಿಲ್ಲ, ಅದೇ ಕಷ್ಟ ಆಗಿದ್ದು. ಇವತ್ತಿನ ಚೀಟಿ ಹೆಸರೇ ನಾಳೆ ಹೆರಿಗೆ ಕಾರ್ಡಿಗೆ ಹೋಗತ್ತೆ, ಅದೇ ಮಗು ಬರ್ತ್ ಸರ್ಟಿಫಿಕೇಟಿಗೆ ಹೋಗತ್ತೆ, ಅಲ್ಲಿ ತಾಯಿ ಹೆಸರು ಒಂದು, ಇವ್ರ ಕಾಗದದಲ್ಲಿ ಇನ್ನೊಂದು, ಆಗ ಈ ಮಗು ಇವ್ರದ್ದೇ ಅಂತ ಯಾರು ಹೇಳ್ಬೇಕು ಅಂದ್ರು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಆ ಮಗುಗೆ ಪೌರತ್ವ ಏನೂ ಸಿಗಲ್ಲ, ಆದ್ರೆ ಜನನ ನೋಂದಣಿ ಯಾರ ಮಗುಗಾದ್ರೂ ಆಗ್ಲೇಬೇಕು, ಅದೊಂದೇ ಅದ್ರ ಕೈಲಿರೋ ಮೊದಲ ಕಾಗದ. ಇದೆಲ್ಲ ಟ್ರೈನಿಂಗಲ್ಲಿ ಹೇಳಿದ್ರು, ನೋಟ್ಸೂ ಬರ್ಕೊಂಡಿದ್ದೆ.

ನಾಚಿಕೆ ಆಗಿದ್ದು ಅದಕ್ಕಲ್ಲ. ನನ್ನದೇ ಹೆಸರಿನ ಮುಂದೆ ಎರಡು ಇನಿಶಿಯಲ್, ಒಂದು ಊರು, ಒಂದು ಅಪ್ಪ. ದೆಹಲಿಗೆ ಬಂದಾಗಿಂದ ಎಲ್ರೂ ಕೇಳೋದು ಒಂದೇ, ಆಗೇ ಕ್ಯಾ? ಮುಂದೆ ಏನು ಅಂತ. ಮುಂದೆ ಏನೂ ಇಲ್ಲ ಕಣಪ್ಪ, ಎಲ್ಲ ಹಿಂದೇನೇ. ಸಂಬಳದ ಅಕೌಂಟ್ ತೆಗೆಯುವಾಗ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡ್ಬಿಟ್ರು, ಅದು ಪ್ಯಾನಿಗೆ ಹೊಂದ್ಲಿಲ್ಲ, ಮೊದಲ ತಿಂಗಳ ಸಂಬಳ ಹನ್ನೊಂದು ದಿನ ಲೇಟು. ಆವಾಗ ರೂಮ್‌ಮೇಟ್ಸ್ ಹತ್ರ ಎಷ್ಟು ಕೂಗಾಡಿದ್ದೆ ಅಂತ ಅವ್ರನ್ನೇ ಕೇಳ್ಬೇಕು.

ವಾಪಸ್ ಹೋಗಿ ನಿಂತ್ರೆ ಗುಮಾಸ್ತ ನಾಳೆ ಬಾ ಅಂದ. ನಾಳೆ ಹೋದ್ರೆ ಬೇರೆಯೋನು, ಕಂಪ್ಯೂಟರ್ ಆ ಜಾಗ ಖಾಲಿ ಬಿಡಲ್ಲ ಅಂದ. ಅಲ್ಲೇ ಪಕ್ಕದಲ್ಲಿದ್ದ ಮಲಯಾಳಿ ಸಿಸ್ಟರ್ ಒಬ್ರು ನನ್ನ ಹಿಂದಿ ಕೇಳೇ ಸೌತ್ ಅಂತ ಗುರ್ತು ಹಿಡಿದ್ರು. ಒಳಗೆ ಬಂದು, ಪೂರ್ತಿ ಹೆಸರು ಮೊದಲನೇ ಜಾಗದಲ್ಲಿ ಹಾಕು, ಸರ್‌ನೇಮಲ್ಲಿ ಒಂದು ಚುಕ್ಕಿ ಇಡು, ಗಂಡನ ಜಾಗದಲ್ಲಿ ತಾಯಿ ಹೆಸರು ಹಾಕು, ತಗೊಳ್ಳತ್ತೆ ಅಂದ್ರು. ತಗೊಳ್ತು. ನಂದೂ ಹಾಗೇ ಚುಕ್ಕಿ ಇಟ್ಟೇ ನಡೀತಿರೋದು ಅಂತ ನಗ್ತಾ ಹೋದ್ರು.

ಹೊಸ ಚೀಟಿನ ಅಕ್ಕ ಕಾಗದದ ಪಕ್ಕ ಇಟ್ಕೊಂಡು ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದ್ರು, ಎರಡು ಸಲ. ಚುಕ್ಕಿ ಹತ್ರ ಬೆರಳು ನಿಲ್ಸಿ ಇದೇನು ಅಂದ್ರು. ಹುಡುಗ ಬರ್ಮೀಸಲ್ಲಿ ಏನು ಹೇಳಿದ್ನೋ, ಇಬ್ರೂ ನಕ್ರು. ಆಮೇಲೆ ಇಂಟರ್‌ವ್ಯೂ ಯಾವಾಗ ಬರತ್ತೆ ಅಂತ ಕೇಳಿದ್ರು. ಬಾಯಿಗೆ ಹೋ ಜಾಯೇಗಾ ಬಂದಿತ್ತು, ನುಂಗ್ಕೊಂಡು ಗೊತ್ತಿಲ್ಲ ಅಂದೆ, ಸೋಮವಾರ ಮೇಡಂನ ಕೇಳ್ತೀನಿ, ಅವ್ರಿಗೂ ಗೊತ್ತಿಲ್ದೇ ಇರ್ಬೋದು ಅಂದೆ. ತಲೆ ಆಡಿಸಿದ್ರು.

ಅಷ್ಟರಲ್ಲಿ ಬಸುರಿಯರನ್ನ ನೋಡೋ ಗೈನಿಕ್ ಓಪಿಡಿ ಬಾಗ್ಲು ಹಾಕಿದ್ರು. ಡಾಕ್ಟರ್ ನೋಡಿದ್ದು ಶುಕ್ರವಾರ, ಮೂರನೇ ಸಲ ಹೋದಾಗ. ಮೂರನೇ ಟ್ರಿಪ್ಪಿನ ಆಟೋ ದುಡ್ಡು ವೋಚರಲ್ಲಿ ಪಾಸಾಗ್ಲಿಲ್ಲ, ನಾನೂ ಕೇಳಕ್ಕೆ ಹೋಗ್ಲಿಲ್ಲ.