ಅಬ್ರಹಾಮನ ಮನೆಗೆ ಬಂದ ಮೂವರು

ಊರಿಂದ ಬಂದ ಅಮ್ಮನಿಗೆ ಟುಲಿಪ್ ತೋಟ, ಕಾಲುವೆಯ ದೋಣಿ ಎಲ್ಲ ತೋರಿಸಿ ಆಗಿತ್ತು. ಒಂದು ಮಳೆ ದಿನ ಆಮ್‌ಸ್ಟರ್‌ಡ್ಯಾಮಿನ ರೆಂಬ್ರಾಂಟ್ ಮನೆಗೆ ಕರೆದುಕೊಂಡು ಹೋದೆ. ಈಗ ಅದು ಮ್ಯೂಸಿಯಂ. 1639ರಲ್ಲಿ ಚಿತ್ರಕಾರ ಆ ಮನೆಯನ್ನು 13,000 ಗಿಲ್ಡರಿಗೆ ಕೊಂಡ. ಆಗಿನ ಕಾಲಕ್ಕೆ ಭಾರೀ ಮೊತ್ತ. ಸಾಲ ತೀರಲೇ ಇಲ್ಲ, 1656ರಲ್ಲಿ ದಿವಾಳಿಯಾದ. ಅಧಿಕಾರಿಗಳು ಬಂದು ಕೋಣೆ ಕೋಣೆಯ ಸಾಮಾನು ಪಟ್ಟಿ ಮಾಡಿಕೊಂಡು ಹೋದರು. ಆ ಪಟ್ಟಿ ಉಳಿದಿದ್ದರಿಂದಲೇ ಇವತ್ತು ಮನೆಯನ್ನು ಹಿಂದಿನಂತೆ ಜೋಡಿಸಿಡಲು ಆಗಿದೆ. ಅಮ್ಮ ಇಷ್ಟು ಕೇಳಿ, "ಕೈಯಲ್ಲಿ ದುಡ್ಡಿಲ್ಲದೆ ಮನೆ ತಗೋಬಾರದು ಅಂತ ನಿಮ್ಮಪ್ಪ ಬಡ್ಕೊಳ್ತಿದ್ರು" ಅಂದಳು.

ಒಂದು ಕೋಣೆಯಲ್ಲಿ ಒಬ್ಬ ಹುಡುಗಿ ಎಚಿಂಗ್ ಮಾಡಿ ತೋರಿಸುತ್ತಿದ್ದಳು. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಲ್ಲಿ ಗೀರುತ್ತಾರೆ. ಆಮೇಲೆ ಆಸಿಡ್. ಲೇಪ ಕಿತ್ತುಹೋದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಲೇಪ ತೆಗೆದು, ಗೀರುಗಳಿಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ರೋಲರಿನ ನಡುವೆ ಹಾಯಿಸಿದರೆ ಚಿತ್ರ ಬರುತ್ತದೆ, ಎಡ ಬಲವಾಗಿ. ಕಾಗದ ಎತ್ತಿದಾಗ ಸುತ್ತ ನಿಂತವರೆಲ್ಲ "ಓಹ್" ಅಂದರು. ಅಮ್ಮ ಮಾತ್ರ ಆ ಹುಡುಗಿಯ ಮಸಿ ಹಿಡಿದ ಉಗುರು ನೋಡುತ್ತಿದ್ದಳು.

ನಾನು ಹುಡುಕಿಕೊಂಡು ಹೋಗಿದ್ದು ರೆಂಬ್ರಾಂಟ್ 1656ರಲ್ಲಿ ಮಾಡಿದ ಒಂದು ಎಚಿಂಗ್. ಪೋಸ್ಟ್‌ಕಾರ್ಡಿಗಿಂತ ತುಸು ದೊಡ್ಡದು ಅಷ್ಟೇ. ಬೈಬಲಿನ ಆದಿಕಾಂಡದ ಕಥೆ: ಮುದುಕ ಅಬ್ರಹಾಮನ ಬಿಡಾರಕ್ಕೆ ಮೂವರು ಅಪರಿಚಿತರು ಬರುತ್ತಾರೆ. ಆತ ಓಡಿ ಹೋಗಿ ಬಗ್ಗಿ, ಕಾಲು ತೊಳೆಯಲು ನೀರು ಕೊಡುತ್ತೇನೆ, ಊಟ ಮಾಡಿಕೊಂಡೇ ಹೋಗಿ ಅಂತ ಬೇಡಿಕೊಳ್ಳುತ್ತಾನೆ. ಬಂದವರು ದೇವರು ಮತ್ತು ದೇವದೂತರು. ಮುಂದಿನ ವರ್ಷ ನಿನ್ನ ಹೆಂಡತಿಗೆ ಮಗ ಹುಟ್ಟುತ್ತಾನೆ ಅನ್ನುತ್ತಾರೆ. ತೊಂಬತ್ತರ ಸಾರಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ಒಳಗೊಳಗೇ ನಗುತ್ತಾಳೆ. ಯಾಕೆ ನಕ್ಕಳು ಅಂತ ದೇವರು ಕೇಳಿದರೆ, ನಾನು ನಗಲಿಲ್ಲ ಅಂತಾಳೆ. ಇಲ್ಲ, ನೀನು ನಕ್ಕೆ ಅಂತಾನೆ ದೇವರು. ಬೈಬಲಿನಲ್ಲಿ ನನಗೆ ತುಂಬಾ ಇಷ್ಟವಾದ ಜಗಳ ಇದು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಇವರು ನೆಲದ ಮೇಲೆ ಕೂತು ಊಟ ಮಾಡ್ತಿದಾರಲ್ಲೋ! ಇಲ್ಲಿನವರು ಹೀಗೆಲ್ಲಾ ಕೂರ್ತಾರಾ?"

ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಈ ಕೂರುವ ರೀತಿ ನಮ್ಮ ದೇಶದಿಂದ ಹೋದದ್ದು. ಹಾಲೆಂಡ್ ಬಿಟ್ಟು ಎಲ್ಲಿಗೂ ಹೋಗದ ರೆಂಬ್ರಾಂಟ್, ಆ ವರ್ಷಗಳಲ್ಲಿ ಮೊಘಲ್ ದರ್ಬಾರಿನ ಶೈಲಿಯ ಪುಟ್ಟ ವರ್ಣಚಿತ್ರಗಳನ್ನು ನೋಡಿ ನೋಡಿ ನಕಲು ಮಾಡಿದ. ಮರದಡಿ ಕೂತ ನಾಲ್ವರು ಮುದಿ ಸಂತರ ಚಿತ್ರ ಅವುಗಳಲ್ಲಿ ಒಂದು. ಆತನ ನಕಲು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದೇ ಕೂಟ ಎಚಿಂಗಿಗೂ ಬಂದಿದೆ. ಯುರೋಪಿನ ಎಷ್ಟೋ ಚಿತ್ರಕಾರರು ಈ ಅತಿಥಿಗಳನ್ನು ಮೇಜಿನ ಮುಂದೆ ಕೂರಿಸಿದ್ದಾರೆ. ಇವನ ಅತಿಥಿಗಳು ನೆಲದಲ್ಲಿ, ಬಿಳಿಗಡ್ಡದ ದೇವರೂ ನೆಲದಲ್ಲಿ. ಅಬ್ರಹಾಮ ಹೂಜಿ ಹಿಡಿದು ಬಗ್ಗಿದ್ದಾನೆ, ಸಾರಾ ಹಿಂದೆ ಬಾಗಿಲ ಕತ್ತಲಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮೆಣಸು, ಬಟ್ಟೆ ಸುರಿಯುತ್ತಿದ್ದ ಊರಿನಲ್ಲಿ ಒಬ್ಬ ಆ ಕಡೆಯ ಚಿತ್ರವನ್ನು ಇಷ್ಟು ಮರ್ಯಾದೆಯಿಂದ ನೋಡಿದ್ದಾನೆ, ಅದೂ ತನ್ನ ಮನೆ ಕೈಬಿಡುತ್ತಿದ್ದ ವರ್ಷ.

ಇದೆಲ್ಲ ಹೇಳುವಷ್ಟರಲ್ಲಿ ಅಮ್ಮನ ಬೆರಳು ಗಾಜಿನ ಹತ್ತಿರ ಹೋಗಿತ್ತು. ಗೋಡೆಯ ಬಳಿ ಬೆನ್ನು ತಿರುಗಿಸಿ ನಿಂತ ಒಬ್ಬ ಹುಡುಗ, ಕೈಯಲ್ಲಿ ಬಿಲ್ಲು.

"ಇವನ್ಯಾರು?"

ಇಷ್ಮಾಯೇಲ್, ಅಬ್ರಹಾಮನಿಗೆ ದಾಸಿ ಹಾಗರಳಲ್ಲಿ ಹುಟ್ಟಿದ ಮಗ ಅಂದೆ. ಸಾರಾಗೆ ಮಗು ಆದ ಮೇಲೆ ತಾಯಿ ಮಗ ಇಬ್ಬರಿಗೂ ರೊಟ್ಟಿ, ಒಂದು ಚರ್ಮದ ಚೀಲದಲ್ಲಿ ನೀರು ಕೊಟ್ಟು ಕಾಡಿಗೆ ಕಳಿಸಿಬಿಡುತ್ತಾರೆ. ಅಲ್ಲಿ ಬೆಳೆದು ಬಿಲ್ಲುಗಾರ ಆಗುತ್ತಾನೆ.

"ಅಲ್ಲಾ, ಬಿಲ್ಲು ಈಗಲೇ ಇದೆಯಲ್ಲ ಕೈಯಲ್ಲಿ?"

ಹೌದು, ರೆಂಬ್ರಾಂಟ್ ಮೊದಲೇ ಕೊಟ್ಟುಬಿಟ್ಟಿದ್ದಾನೆ ಅಂದೆ.

ಅಮ್ಮನಿಗೆ ಅಬ್ರಹಾಮನ ಮೇಲೆ ಕೋಪ ಬಂದಿತ್ತು. "ಬಂದವರಿಗೆಲ್ಲ ಇಷ್ಟು ಉಪಚಾರ ಮಾಡ್ತಾನೆ, ಈ ಹುಡುಗನ್ನ ಊಟಕ್ಕೆ ಕರೆದ್ನಾ ಇಲ್ವಾ ಮೊದಲು ಹೇಳು" ಅಂದಳು.