ಗ್ರಾಫ್, ಕೋನಿಗ್, ಶುಲ್ಟ್ಸ್: ಇವರೆಲ್ಲ ರಾಜಮನೆತನದವರೇ?

ಜರ್ಮನ್ ಅಡ್ಡಹೆಸರುಗಳ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಗ್ರಾಫ್ ಅಂದರೆ ಕೌಂಟ್ ಅನ್ನೋ ಕುಲೀನರ ಪದವಿ ಅಲ್ವಾ? ಹಾಗಾದರೆ ಸ್ಟೆಫಿ ಗ್ರಾಫ್ ಮನೆಯವರು ಸಾಮಂತರಾ?’

ಬರೀ ಅಡ್ಡಹೆಸರು ನೋಡಿ ಹಾಗೆ ಹೇಳಲಾಗದು. ಮೊದಲು ಪದವಿ ಎಲ್ಲಿ ಕೂತಿದೆ ನೋಡಿ. 1919ರ ವೈಮಾರ್ ಸಂವಿಧಾನ ಕುಲೀನರ ಸವಲತ್ತುಗಳನ್ನು ತೆಗೆದು, ಪದವಿಯನ್ನು ಹೆಸರಿನ ಭಾಗವಾಗಿ ಮಾತ್ರ ಉಳಿಸಿತು. ಹಾಗಾಗಿ ಸಚಿವರಾಗಿದ್ದ ಒಟ್ಟೋ ಗ್ರಾಫ್ ಲಾಂಬ್ಸ್‌ಡೋರ್ಫ್ ಹೆಸರಿನಲ್ಲಿ ಅದು ನಡುವೆ ಇದೆ. ಅದು ನಿಜವಾದ ಪದವಿಯಿಂದ ಬಂದದ್ದು. ಕೊನೆಯಲ್ಲಿ ಒಂಟಿಯಾಗಿದ್ದರೆ ಸಾಮಾನ್ಯವಾಗಿ ಬರೀ ಅಡ್ಡಹೆಸರು. ಆಸ್ಟ್ರಿಯಾದಲ್ಲಿ ಈ ಪರೀಕ್ಷೆ ನಡೆಯದು. ಅಲ್ಲಿ ಅದೇ ವರ್ಷ ಪದವಿಯ ಜೊತೆಗೆ, ಕುಲೀನರ ಅಡ್ಡಹೆಸರಿನ ಮುಂದೆ ಬರುತ್ತಿದ್ದ ‘ಫಾನ್’ ಕೂಡ ಕಾನೂನಿನಿಂದಲೇ ಹೋಯಿತು.

ಅಡ್ಡಹೆಸರಿನಲ್ಲಿ ಪದವಿ ದೊಡ್ಡದಾದಷ್ಟೂ ನಂಬಿಕೆ ಕಡಿಮೆ ಇಟ್ಟುಕೊಳ್ಳಿ. ಅಡ್ಡಹೆಸರುಗಳು ನೆಲೆಯೂರಿದ ಮಧ್ಯಯುಗದಲ್ಲಿ ಕೋನಿಗ್ (ರಾಜ), ಹೆರ್ತ್ಸೋಗ್ (ಡ್ಯೂಕ್) ಎನಿಸಿಕೊಂಡವರು ಹೆಚ್ಚಾಗಿ ಆ ದೊರೆಯ ಆಳುಗಳು, ಒಕ್ಕಲುಗಳು, ನಾಟಕದಲ್ಲಿ ರಾಜನ ಪಾತ್ರ ಹಾಕಿದವರು, ಇಲ್ಲವೇ ಊರ ಗುರಿಸ್ಪರ್ಧೆಯಲ್ಲಿ ಗೆದ್ದು ‘ರಾಜ’ ಆದವರು. ಸಣ್ಣ ಹುದ್ದೆಯ ಹೆಸರೇ ಹೆಚ್ಚು ನಿಜ. ಶುಲ್ಟ್‌ಹೈಸ್ ಅಂದರೆ ಒಡೆಯನ ಪರವಾಗಿ ಕಂದಾಯ ವಸೂಲಿ ಮಾಡಿ, ಊರ ನ್ಯಾಯ ನಡೆಸುತ್ತಿದ್ದವನು. ನಮ್ಮ ಪಾಟೀಲ, ಗೌಡರ ಹಾಗೆ. ಊರೂರಿಗೂ ಒಬ್ಬ ಇದ್ದುದರಿಂದಲೇ ಅದರ ಮೊಟಕು ರೂಪಗಳಾದ ಶುಲ್ಟ್ಸ್, ಶುಲ್ಟ್ಸೆ ಇಷ್ಟು ಹಬ್ಬಿದ್ದು. ಪೂರ್ವದ ಸೈಲೀಷಿಯಾ ಕಡೆ ಅದೇ ಶೋಲ್ಜ್, ಪೋಲೆಂಡಿನಲ್ಲಿ ಶುಲ್ತ್ಸ್. ಗ್ರಾಫ್ ಕೂಡ ಹೀಗೇ ಕೆಳಗಿಳಿದಿದೆ: ಹೆಸ್ಸೆ ಪ್ರಾಂತ್ಯದಲ್ಲಿ ಊರ ಮುಖ್ಯಸ್ಥನೇ ‘ಗ್ರೇಬೆ’, ಉತ್ತರ ಸಮುದ್ರದ ಕರಾವಳಿಯಲ್ಲಿ ಕಡಲ ಏರಿಗಳ ಉಸ್ತುವಾರಿ ನೋಡುವವನು ‘ಡೈಖ್‌ಗ್ರಾಫ್’.

ಊರಿನ ಹೆಸರಲ್ಲಿ ಲೆಕ್ಕ ತಿರುಗಾಮುರುಗ. ಅಲ್ಲಿ ರಾಜ ಅಂದರೆ ಬಹುಪಾಲು ನಿಜವಾಗಿಯೂ ರಾಜನೇ. 1255ರಲ್ಲಿ ಕಟ್ಟಿದ ಕೋನಿಗ್ಸ್‌ಬೆರ್ಗ್ (ಇಂದಿನ ಕಲಿನಿನ್‌ಗ್ರಾಡ್) ಬೊಹೀಮಿಯದ ಎರಡನೇ ಒಟ್ಟೋಕರ್ ದೊರೆಯ ಗೌರವಕ್ಕೆ ಇಟ್ಟ ಹೆಸರು. ಇಂಗ್ಲೆಂಡಿನ ವೈಕ್ ಎಂಬ ಬಂದರನ್ನು ಒಂದನೇ ಎಡ್ವರ್ಡ್ ತನ್ನದಾಗಿಸಿಕೊಂಡು 1299ರಲ್ಲಿ ಸನ್ನದು ಕೊಟ್ಟ ಮೇಲೆ ಅದು ಕಿಂಗ್‌ಸ್ಟನ್ ಅಪಾನ್ ಹಲ್ ಆಯಿತು. ನೆದರ್‌ಲೆಂಡ್ಸಿನ ಸ್‌ಹೆರ್ತೋಗೆನ್‌ಬೋಸ್ ‘ಡ್ಯೂಕನ ಕಾಡು’. ಹೇಗ್ ನಗರದ ಹಳೆಯ ಹೆಸರು ಸ್‌ಗ್ರಾವೆನ್‌ಹಾಗೆ, ಅಂದರೆ ಕೌಂಟನ ಬೇಲಿಯೊಳಗಿನ ಜಾಗ. ಮೊದಲ ‘ಸ್’ ಹಳೆಯ ಡಚ್ಚಿನ ಷಷ್ಠೀ ವಿಭಕ್ತಿಯ ಉಳಿಕೆ.

ವಂಶ ಹುಡುಕುವವರು ಚರ್ಚಿನ ದಾಖಲೆಗಳಲ್ಲಿ ಒಂದೇ ಕಾಗುಣಿತಕ್ಕೆ ಜೋತುಬೀಳಬಾರದು. ಪಾದ್ರಿ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ; ಒಂದೇ ಮನೆತನ ಒಂದು ಪುಟದಲ್ಲಿ ಗ್ರೇವೆ, ಮುಂದಿನದರಲ್ಲಿ ಗ್ರೆಫೆ ಆಗಿರಬಹುದು.